ಬಿಳಿಗಾಲಿನ ನಾಯಿಗೆ ಮದ್ದು ಕೊಡುವ ಮುನ್ನ



1994ರ ಮಳೆಗಾಲ. ಮಲೆನಾಡಿನ ಒಂದು ಪಶು ಚಿಕಿತ್ಸಾಲಯಕ್ಕೆ ಆಗಷ್ಟೇ ಬಂದಿದ್ದ ಹೊಸ ವೈದ್ಯ ನಾನು. ಜಡಿಮಳೆಯಲ್ಲಿ ಒಂದು ಜೀಪು ಬಂದು ನಿಂತಿತು. ಕಾಫಿ ತೋಟದ ಯಜಮಾನರೊಬ್ಬರು ಇಳಿದರು, ಅವರ ಹಿಂದೆಯೇ ಒಂದು ನಾಯಿ ಇಳಿಯಿತು. ನೀಳ ಮೂತಿ, ಕೊರಳ ಸುತ್ತ ಶಾಲು ಹೊದ್ದಂತೆ ಬಿಳಿ ಕೂದಲು, ಬೆನ್ನು ಜೇನಿನ ಬಣ್ಣ, ನಾಲ್ಕೂ ಪಾದ ಅಚ್ಚ ಬಿಳಿ. ಅದರ ಹೆಸರು ರಾಣಿ. ನಮ್ಮ ಕಡೆ ಜನ ಲ್ಯಾಸಿ ನಾಯಿ ಎಂದು ಕರೆಯುವ ಕೋಲಿ ಜಾತಿ. ಮೊಣಕಾಲು, ಕಿವಿಯಂಚು, ಹೊಟ್ಟೆಯ ಕೆಳಭಾಗವನ್ನೆಲ್ಲ ಕಜ್ಜಿ ತಿಂದುಹಾಕಿತ್ತು. ಕರೆಯುವುದಕ್ಕೂ ಮುಂಚೆ ತಾನೇ ನಡೆದುಬಂದು ನನ್ನ ಮೇಜಿನ ಪಕ್ಕ ಕೂತಿತು.

ಕಜ್ಜಿಗೆ ಆಗ ನಮ್ಮ ಕೈಗೆ ಹೊಸದಾಗಿ ಬಂದಿದ್ದ ಮದ್ದು ಐವರ್ಮೆಕ್ಟಿನ್. ದನಗಳಿಗೆಂದು ತಯಾರಾದ ಬಾಟಲಿ. ಅದೇ ಬಾಟಲಿಯಿಂದ ಎಷ್ಟೋ ನಾಯಿಗಳ ಮೈಮೇಲೆ ಹೊಸ ಕೂದಲು ಬಂದದ್ದನ್ನು ಕಣ್ಣಾರೆ ಕಂಡಿದ್ದೆ. ರಾಣಿಯ ತೂಕ 24 ಕಿಲೋ. ಅರ್ಧ ಮಿಲಿಲೀಟರ್ ಎಳೆದು ಚರ್ಮದಡಿಗೆ ಚುಚ್ಚಿದೆ. ಬಾಲ ಅಲ್ಲಾಡಿಸುತ್ತಲೇ ಜೀಪು ಹತ್ತಿತು.

ಮರುದಿನ ಬೆಳಿಗ್ಗೆ ತೋಟದಿಂದ ಆಳು ಓಡಿಬಂದ. ಹೋಗಿ ನೋಡಿದರೆ ನಾಯಿ ಹಿಂಗಾಲು ಎಳೆಯುತ್ತಾ ಗೋಡೆಗೆ ಹಾಯುತ್ತಿತ್ತು. ಬಾಯಿಯಿಂದ ಜೊಲ್ಲು. ಕಣ್ಣಪಾಪೆ ಅಗಲವಾಗಿ ತೆರೆದುಕೊಂಡಿತ್ತು, ದೀಪ ಹಿಡಿದರೂ ಕುಗ್ಗಲಿಲ್ಲ. ಯಜಮಾನರು ಹೆಸರು ಹಿಡಿದು ಕರೆದರೆ ಕಿವಿ ಮಾತ್ರ ಅವರತ್ತ ತಿರುಗುತ್ತಿತ್ತು. ಸಂಜೆಗೆ ಅದೂ ನಿಂತಿತು. ಮೂರನೆಯ ದಿನ ರಾಣಿ ಸತ್ತಿತು.

ಏನಾಯಿತೆಂದು ಅಂದು ನನಗೆ ತಿಳಿಯಲಿಲ್ಲ. ಹಾವು ಕಚ್ಚಿರಬಹುದು, ತೋಟಕ್ಕೆ ಹೊಡೆದ ಔಷಧ ನೆಕ್ಕಿರಬಹುದು ಎಂದೆಲ್ಲ ಮಾತಾಡಿಕೊಂಡೆವು. ಕೋಲಿ ನಾಯಿಗಳಿಗೆ ಈ ಮದ್ದು ಹೊಂದುವುದಿಲ್ಲವೆಂದು ಹೊರದೇಶದ ವೈದ್ಯರು 1980ರ ದಶಕದಲ್ಲೇ ಬರೆದಿದ್ದರು. ನನ್ನ ಓದಿಗೆ ಅದು ಬಂದಿರಲಿಲ್ಲ. ನಾನು ಕೊಟ್ಟ ಮದ್ದಿನಿಂದಲೇ ಆ ನಾಯಿ ಸತ್ತಿತು. ಕೋಲಿ ಸಾಕುವವರ ಜೊತೆ ಈ ಹೊತ್ತು ನಾನು ಮಾತಾಡಲು ಒಪ್ಪಿಕೊಂಡಿರುವುದು ಅದೊಂದೇ ಕಾರಣಕ್ಕೆ.

ಕೋಲಿ ಎಂದರೆ ಯಾವ ನಾಯಿ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಸ್ಕಾಟ್ಲೆಂಡಿನ ಗುಡ್ಡಗಳು ಮತ್ತು ಅದಕ್ಕೆ ತಾಗಿದ ಇಂಗ್ಲೆಂಡಿನ ಉತ್ತರದ ಗಡಿ ಇದರ ತವರು. ಉದ್ದ ಕೂದಲಿನದು ರಫ್ ಕೋಲಿ, ಗಿಡ್ಡ ಕೂದಲಿನದು ಸ್ಮೂತ್ ಕೋಲಿ. ಇವುಗಳಿಗಿಂತ ಸಣ್ಣ ಮೈಕಟ್ಟಿನ, ಹೆಚ್ಚಾಗಿ ಕಪ್ಪುಬಿಳಿ ಬಣ್ಣದ, ಮಿಂಚಿನಂತೆ ಓಡುವ ನಾಯಿ ಬಾರ್ಡರ್ ಕೋಲಿ. ವಿಕ್ಟೋರಿಯಾ ರಾಣಿ ಸ್ಕಾಟ್ಲೆಂಡಿನ ಬಾಲ್ಮೊರಲ್ ಅರಮನೆಗೆ ಹೋಗುತ್ತಿದ್ದಾಗ ಈ ಕುರಿನಾಯಿಗಳನ್ನು ಮೆಚ್ಚಿ ಸಾಕಿದಳು. ಹಟ್ಟಿಯ ನಾಯಿ ದೊಡ್ಡವರ ಮನೆಯೊಳಗೆ ಬಂದದ್ದು ಹಾಗೆ. ಎರಿಕ್ ನೈಟ್ 1940ರಲ್ಲಿ ಬರೆದ ಲ್ಯಾಸಿಯ ಕಾದಂಬರಿ, 1943ರಲ್ಲಿ ಅದರ ಮೇಲೆ ಬಂದ ಸಿನಿಮಾ ಇವುಗಳಿಂದ ರಫ್ ಕೋಲಿ ಜಗತ್ತಿಗೆಲ್ಲ ಪರಿಚಯವಾಯಿತು. ನಮ್ಮ ಮಲೆನಾಡು, ಕೊಡಗಿನ ತೋಟಗಳಲ್ಲಿ, ಬೆಂಗಳೂರಿನ ಮನೆಗಳಲ್ಲಿ ಇವನ್ನು ಆಸೆಪಟ್ಟು ಸಾಕಿದವರು ಇದ್ದಾರೆ.

ಕುರಿನಾಯಿ ಎಂದ ಕೂಡಲೇ ನಮಗೆ ಕುರುಬರ ಮಂದೆಯ ನಾಯಿ ನೆನಪಾಗುತ್ತದೆ. ಎರಡರ ಕೆಲಸ ಬೇರೆ. ಬಯಲುಸೀಮೆಯ ಕುರುಬರ ನಾಯಿ ಮಂದೆಯನ್ನು ಕಾಯುತ್ತದೆ: ತೋಳ ಬಂದರೆ ಎದುರು ನಿಲ್ಲುತ್ತದೆ, ಇರುಳೆಲ್ಲ ಹಟ್ಟಿ ಸುತ್ತುತ್ತದೆ. ಕೋಲಿ ಮಂದೆಯನ್ನು ನಡೆಸುತ್ತದೆ. ಕುರುಬ ಒಂದು ಗುಡ್ಡದ ಮೇಲೆ ನಿಂತು ಶಿಳ್ಳೆ ಹಾಕಿದರೆ ಎದುರು ಗುಡ್ಡದಲ್ಲಿ ಚದುರಿದ ಕುರಿಗಳನ್ನು ಬಳಸಿ, ಕೂಡಿಸಿ, ಕಚ್ಚದೆ ಬೊಗಳದೆ ಅವನ ಕಾಲ ಬಳಿ ತಂದು ನಿಲ್ಲಿಸುತ್ತದೆ. ಈ ವಿದ್ಯೆಯ ಪಂದ್ಯ ಬ್ರಿಟನ್ನಿನಲ್ಲಿ 1873ರಷ್ಟು ಹಿಂದೆಯೇ ವೇಲ್ಸಿನ ಬಾಲಾ ಎಂಬ ಊರಲ್ಲಿ ನಡೆದಿತ್ತು. ನಾರ್ಥಂಬರ್ಲೆಂಡಿನಲ್ಲಿ ಆ್ಯಡಮ್ ಟೆಲ್ಫರ್ ಎಂಬಾತ ಬೆಳೆಸಿದ, 1893ರಲ್ಲಿ ಹುಟ್ಟಿದ ಹೆಂಪ್ ಎಂಬ ನಾಯಿಯ ವಂಶ ಇಂದಿನ ಹೆಚ್ಚುಕಡಿಮೆ ಎಲ್ಲ ಬಾರ್ಡರ್ ಕೋಲಿಗಳ ಮೂಲ. ಮನುಷ್ಯನ ದನಿಗೆ, ಬೆರಳ ಸನ್ನೆಗೆ ಮೈಯೆಲ್ಲ ಕಿವಿಯಾಗುವ ಗುಣವನ್ನೇ ಆರಿಸಿ ಆರಿಸಿ ತಲೆಮಾರುಗಳಿಂದ ಬೆಳೆಸಿದರು. ಹಾಗೆ ಕೆಲವೇ ನಾಯಿಗಳಿಂದ ವಂಶ ಬೆಳೆಸುವಾಗ ಒಳ್ಳೆಯ ಗುಣದ ಜೊತೆಗೆ ಕಣ್ಣಿಗೆ ಕಾಣದ ಒಂದು ದೋಷವೂ ಹರಿದುಬಂತು.

ಆ ದೋಷ ಏನೆಂದು ತಿಳಿದದ್ದು ರಾಣಿ ಸತ್ತ ಏಳು ವರ್ಷಕ್ಕೆ, 2001ರಲ್ಲಿ. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಪಶುವೈದ್ಯ ವಿಜ್ಞಾನಿ ಕತ್ರಿನಾ ಮೀಲಿ ಮತ್ತು ಸಂಗಡಿಗರು ಅದನ್ನು ಹುಡುಕಿ ತೆಗೆದರು. ಪ್ರಾಣಿಗಳ ಮಿದುಳಿನ ರಕ್ತನಾಳಗಳ ಗೋಡೆಯಲ್ಲಿ ಒಂದು ಪ್ರೋಟೀನು ಇರುತ್ತದೆ. ಅದು ದೇವಸ್ಥಾನದ ಗರ್ಭಗುಡಿಯ ಬಾಗಿಲಲ್ಲಿ ನಿಂತ ದ್ವಾರಪಾಲಕನಂತೆ. ರಕ್ತದಲ್ಲಿ ಹರಿದು ಬರುವ ಕೆಲವು ಮದ್ದುಗಳು ಒಳಗೆ ಕಾಲಿಟ್ಟೊಡನೆ ಹಿಡಿದು ಹೊರಗೆ ತಳ್ಳುವುದು ಅದರ ಕೆಲಸ. ಅದನ್ನು ತಯಾರಿಸುವ ಜೀನಿನ ಹೆಸರು ಎಂಡಿಆರ್-1. ಬಹುಪಾಲು ಕೋಲಿಗಳಲ್ಲಿ ಆ ಜೀನಿನ ಬರಹದಲ್ಲಿ ನಾಲ್ಕು ಅಕ್ಷರ ಅಳಿಸಿಹೋಗಿದೆ. ನಾಲ್ಕೇ ಅಕ್ಷರ. ಅದರಿಂದಾಗಿ ದ್ವಾರಪಾಲಕ ಅರ್ಧಕ್ಕೇ ನಿಂತುಹೋಗುತ್ತಾನೆ, ಬಾಗಿಲು ತೆರೆದೇ ಉಳಿಯುತ್ತದೆ. ಐವರ್ಮೆಕ್ಟಿನ್ ಹುಳಗಳ, ಕಜ್ಜಿ ಕ್ರಿಮಿಗಳ ನರವನ್ನು ಸ್ತಬ್ಧಗೊಳಿಸಿ ಕೊಲ್ಲುವ ಮದ್ದು. ಕಾವಲಿಲ್ಲದ ಮಿದುಳಿಗೆ ಅದು ನುಗ್ಗಿದರೆ ನಾಯಿಯ ನರವನ್ನೂ ಹಾಗೆಯೇ ಮಲಗಿಸುತ್ತದೆ.

ಪರೀಕ್ಷೆ ಮಾಡಿ ನೋಡಿದಲ್ಲಿ ಹತ್ತು ರಫ್, ಸ್ಮೂತ್ ಕೋಲಿಗಳಲ್ಲಿ ಸುಮಾರು ಏಳರಲ್ಲಿ ಈ ದೋಷದ ಒಂದಾದರೂ ಪ್ರತಿ ಸಿಕ್ಕಿದೆ. ತಾಯಿ ತಂದೆ ಇಬ್ಬರಿಂದಲೂ ಬಂದಿದ್ದರೆ ಅಪಾಯ ದೊಡ್ಡದು, ಒಬ್ಬರಿಂದ ಬಂದಿದ್ದರೆ ಅದಕ್ಕಿಂತ ಕಡಿಮೆ. ಬಾರ್ಡರ್ ಕೋಲಿಗಳಲ್ಲಿ ಅಪರೂಪ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಆಸ್ಟ್ರೇಲಿಯನ್ ಶೆಫರ್ಡ್, ಶೆಟ್‌ಲ್ಯಾಂಡ್ ಶೀಪ್‌ಡಾಗ್ ಮೊದಲಾದ ನಾಯಿಗಳಲ್ಲೂ ಇದೆ. ಇವೆಲ್ಲಕ್ಕೂ ಈ ದೋಷ ಬಂದದ್ದು ತಳಿಗಳು ಬೇರೆಯಾಗುವುದಕ್ಕೆ ಮುಂಚೆ, ಹತ್ತೊಂಬತ್ತನೆಯ ಶತಮಾನದ ಬ್ರಿಟನ್ನಿನಲ್ಲಿ ಬದುಕಿದ್ದ ಒಂದೇ ನಾಯಿಯಿಂದ ಎಂದು 2004ರ ಸಂಶೋಧನೆಯೊಂದು ತೋರಿಸಿತು. ಯಾರದೋ ಹಟ್ಟಿಯಲ್ಲಿ ಕುರಿ ಕೂಡಿಸುತ್ತಿದ್ದ, ಹೆಸರೇ ಗೊತ್ತಿಲ್ಲದ ಆ ನಾಯಿಗೂ ನನ್ನ ಮೇಜಿನ ಪಕ್ಕ ಬಂದು ಕೂತ ರಾಣಿಗೂ ನಂಟು.

ಈಗ ಸ್ವಲ್ಪ ಲೆಕ್ಕ. ಕೇಳುತ್ತಿರುವವರಲ್ಲಿ ಕೋಲಿ ಸಾಕುವವರಿದ್ದರೆ ದಯವಿಟ್ಟು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಹೃದಯದ ಹುಳ ಬಾರದಂತೆ ತಿಂಗಳಿಗೊಮ್ಮೆ ಕೊಡುವ ಮಾತ್ರೆಯಲ್ಲಿ ಐವರ್ಮೆಕ್ಟಿನ್ ಇರುವುದು ನಾಯಿಯ ಕಿಲೋ ತೂಕಕ್ಕೆ 6 ಮೈಕ್ರೋಗ್ರಾಂ. ಅಷ್ಟನ್ನು ಕೋಲಿಯೂ ತಾಳಿಕೊಳ್ಳುತ್ತದೆ. ಕಜ್ಜಿಗೆ ಕೊಡುವುದು ಕಿಲೋಗೆ 300ರಿಂದ 600 ಮೈಕ್ರೋಗ್ರಾಂ. ದೋಷವಿರುವ ನಾಯಿ ಕಿಲೋಗೆ 100 ದಾಟಿದಾಗಲೇ ತೂರಾಡತೊಡಗುತ್ತದೆ. ದನಕ್ಕೆ ಕೊಡುವ ಒಂದು ಪರ್ಸೆಂಟ್ ಬಾಟಲಿಯಲ್ಲಿ ಪ್ರತಿ ಮಿಲಿಲೀಟರಿಗೆ 10,000 ಮೈಕ್ರೋಗ್ರಾಂ ಮದ್ದು. 25 ಕಿಲೋ ನಾಯಿಗೆ ಕಾಲು ಮಿಲಿಲೀಟರ್ ಹೋದರೆ ಆ ನೂರರ ಗೆರೆ ಮುಟ್ಟಿತು. ನಾನು ರಾಣಿಗೆ ಚುಚ್ಚಿದ್ದು ಕಿಲೋಗೆ 200ಕ್ಕೂ ಮಿಗಿಲು. ಕೋವಿಡ್ ಕಾಲದಲ್ಲಿ ಐವರ್ಮೆಕ್ಟಿನ್ ಹೆಸರು ಮನೆಮನೆಗೂ ತಿಳಿಯಿತು. ಮನುಷ್ಯರ 12 ಮಿಲಿಗ್ರಾಂ ಮಾತ್ರೆ ಒಂದನ್ನು ಅದೇ 25 ಕಿಲೋ ನಾಯಿಗೆ ನುಂಗಿಸಿದರೆ ಕಿಲೋಗೆ 480 ಆಗುತ್ತದೆ. ಯಾರೋ ಹೇಳಿದರೆಂದು ಅರ್ಧ ಮುರಿದು ಕೊಡಬೇಡಿ, ಅರ್ಧವೂ ಹೆಚ್ಚು.

ಇದು ಕೆಟ್ಟ ಮದ್ದು ಎಂದು ನಾನು ಹೇಳುತ್ತಿಲ್ಲ. ಆಫ್ರಿಕಾದಲ್ಲಿ ಲಕ್ಷಾಂತರ ಜನರ ಕಣ್ಣು ಉಳಿಸಿದ ಮದ್ದು ಇದು. ಇದರ ಮೂಲವನ್ನು ಕಂಡುಹಿಡಿದ ಒಮುರಾ ಮತ್ತು ಕ್ಯಾಂಪ್‌ಬೆಲ್ 2015ರಲ್ಲಿ ನೊಬೆಲ್ ಪಡೆದರು. ನಮ್ಮ ದನಕರುಗಳಿಗೂ ಇದರಿಂದ ಬಹಳ ಉಪಕಾರವಾಗಿದೆ. ಆ ಉಪಕಾರದ ಕಾರಣಕ್ಕೇ ಇದು ಕೊಟ್ಟಿಗೆಯ ಗೂಡಿನಲ್ಲಿ ಸದಾ ಕೈಗೆ ಸಿಗುವಂತೆ ಇರುತ್ತದೆ. ನಾಯಿಗೆ ಉಣುಗು ಹತ್ತಿದರೂ ಇದನ್ನು ಚುಚ್ಚುತ್ತಾರೆ, ಗಾಯಕ್ಕೆ ಹುಳ ಬಿದ್ದರೆ ಚುಚ್ಚುತ್ತಾರೆ, ಕೂದಲು ಉದುರಿದರೂ ಚುಚ್ಚುತ್ತಾರೆ. ಬೇರೆ ನಾಯಿಗಳು ತಡೆದುಕೊಂಡದ್ದನ್ನು ಕಂಡ ಕೈಗೆ ಅನುಮಾನ ಬರುವುದಿಲ್ಲ, ನನ್ನ ಕೈಗೂ ಬಂದಿರಲಿಲ್ಲ. ಇನ್ನೊಂದು ಸಂಗತಿ ತೋಟ, ಹೊಲ ಇರುವವರಿಗೆ. ಈ ಮದ್ದು ಪ್ರಾಣಿಯ ಮೈಯಿಂದ ಹೊರಹೋಗುವುದು ಹೆಚ್ಚಾಗಿ ಸಗಣಿಯ ಮೂಲಕ. ಮದ್ದು ಕೊಟ್ಟ ಕುದುರೆಯ ಲದ್ದಿ ತಿಂದು ಕುರಿನಾಯಿಗಳಿಗೆ ವಿಷವೇರಿದ್ದು ಹೊರದೇಶಗಳಲ್ಲಿ ದಾಖಲಾಗಿದೆ. ದನಕ್ಕೆ ಹುಳದ ಮದ್ದು ಹಾಕಿಸಿದ ಮೇಲೆ ಕೆಲವು ದಿನ ಕೋಲಿಯನ್ನು ಕೊಟ್ಟಿಗೆಯತ್ತ ಬಿಡಬೇಡಿ.

ಐವರ್ಮೆಕ್ಟಿನ್ ಒಂದೇ ಅಲ್ಲ. ಅದೇ ಮನೆತನದ ಡೋರಾಮೆಕ್ಟಿನ್, ಹೆಚ್ಚಿನ ಪ್ರಮಾಣದ ಮಾಕ್ಸಿಡೆಕ್ಟಿನ್ ಕೂಡ ಹಾಗೆಯೇ. ಭೇದಿಯಾದಾಗ ನಾವು ನುಂಗುವ ಲೋಪೆರಮೈಡ್ ಮಾತ್ರೆಯನ್ನು ಮನೆಯಲ್ಲಿ ಯಾರೂ ವಿಷವೆಂದು ಭಾವಿಸುವುದಿಲ್ಲ, ಕೋಲಿಗೆ ಅದನ್ನು ಕೊಡಲೇಬಾರದು. ಶಸ್ತ್ರಚಿಕಿತ್ಸೆಗೆ ಮುನ್ನ ನಾಯಿಯನ್ನು ಶಾಂತಗೊಳಿಸಲು ಕೊಡುವ ಏಸ್‌ಪ್ರೊಮಜಿನ್, ನೋವಿಗೆ ಕೊಡುವ ಬ್ಯೂಟಾರ್ಫನಾಲ್ ಇವುಗಳ ಪ್ರಮಾಣವನ್ನು ವೈದ್ಯರು ತಗ್ಗಿಸಬೇಕಾಗುತ್ತದೆ, ಇಲ್ಲವಾದರೆ ನಾಯಿ ಗಂಟೆಗಟ್ಟಲೆ ಏಳುವುದಿಲ್ಲ. ನಮ್ಮ ದೇಶದಲ್ಲಿ ಬೀದಿನಾಯಿಯ ಸಂಪರ್ಕದಿಂದ ಹರಡುವ ಜನನಾಂಗದ ಗಡ್ಡೆ ಸಾಮಾನ್ಯ. ಅದಕ್ಕೆ ಕೊಡುವ ವಿಂಕ್ರಿಸ್ಟಿನ್ ಕೋಲಿಯ ಮೈಯಿಂದ ಬೇಗ ಹೊರಹೋಗದೆ ಬಿಳಿ ರಕ್ತಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತದೆ. ಗಡ್ಡೆ ವಾಸಿಯಾಗುತ್ತಿದ್ದರೂ ನಾಯಿ ಸೋಂಕಿಗೆ ಬಲಿಯಾಗಬಹುದು.

ದೋಷ ಇದೆಯೋ ಇಲ್ಲವೋ ತಿಳಿಯಲು ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಒರೆಸಿ ತೆಗೆದ ಮಾದರಿ ಸಾಕು. ಜೀನು ಬದಲಾಗುವುದಿಲ್ಲವಾದ್ದರಿಂದ ಒಮ್ಮೆ ಮಾಡಿಸಿದರೆ ಆಯುಷ್ಯಕ್ಕೆ ಸಾಕು. ಫಲಿತಾಂಶದ ಕಾಗದವನ್ನು ಲಸಿಕೆಯ ಪುಸ್ತಕಕ್ಕೇ ಅಂಟಿಸಿಡಿ. ಪರೀಕ್ಷೆ ಆಗದೇ ಇದ್ದರೆ ದೋಷ ಇದೆ ಎಂದೇ ಭಾವಿಸಿ ನಡೆದುಕೊಳ್ಳಿ. ಇಂಗ್ಲಿಷ್ ಬಲ್ಲ ಪಶುವೈದ್ಯರಲ್ಲಿ ಪ್ರಾಸವಿಟ್ಟು ಹೇಳುವ ಒಂದು ಮಾತಿದೆ. ಅದನ್ನು ನಾನು ನನ್ನ ಕೈಕೆಳಗಿನ ಹುಡುಗರಿಗೆ ನಮ್ಮ ರೀತಿಯಲ್ಲಿ ಹೇಳಿಕೊಡುತ್ತಿದ್ದೆ: ಕಾಲು ಬಿಳಿಯಾದರೆ ಕೈ ತಡಿ. ಬಿಳಿಪಾದದ ನಾಯಿಗಳೆಲ್ಲ ಕೋಲಿ ಅಲ್ಲ, ನಿಜ. ಆದರೆ ಬೆರಕೆ ನಾಯಿಯ ಮೈಯಲ್ಲಿ ಯಾವ ರಕ್ತ ಇದೆಯೆಂದು ಯಾರು ಬಲ್ಲರು? ಬಿಳಿಗಾಲು ಕಂಡಾಗ ಒಂದು ಗಳಿಗೆ ನಿಂತು ವಿಚಾರಿಸುವುದರಿಂದ ಯಾರಿಗೂ ನಷ್ಟವಿಲ್ಲ.

ಹಾಗಾದರೆ ಕೋಲಿಗೆ ಕಜ್ಜಿ ಬಂದರೆ ಏನು ಗತಿ ಎಂದು ಕೇಳಬಹುದು. ಇಂದು ದಾರಿ ಇದೆ. 2014ರ ಸುಮಾರಿಗೆ ಬಳಕೆಗೆ ಬಂದ ಫ್ಲೂರಲನರ್‌ನಂಥ ಹೊಸ ಮಾತ್ರೆಗಳು ಉಣುಗು, ಚಿಗಟ, ಕಜ್ಜಿ ಕ್ರಿಮಿ ಮೂರಕ್ಕೂ ಕೆಲಸ ಮಾಡುತ್ತವೆ. ಎಂಡಿಆರ್ ದೋಷವಿರುವ ಕೋಲಿಗಳ ಮೇಲೇ ಪರೀಕ್ಷಿಸಿ ನೋಡಿದಾಗಲೂ ಫ್ಲೂರಲನರ್ ಅವಕ್ಕೆ ತೊಂದರೆ ಮಾಡಲಿಲ್ಲ. ನಿಮ್ಮ ನಾಯಿಗೆ ಅಪಸ್ಮಾರ, ಅಂದರೆ ಫಿಟ್ಸ್ ಬಂದಿದ್ದರೆ ಮಾತ್ರ ಅದನ್ನು ವೈದ್ಯರಿಗೆ ಮೊದಲೇ ಹೇಳಿ, ಅಂಥ ನಾಯಿಗಳಿಗೆ ಈ ಮಾತ್ರೆಗಳನ್ನು ಎಚ್ಚರದಿಂದ ಕೊಡಬೇಕು. ಬಾರ್ಡರ್ ಕೋಲಿಗಳಲ್ಲಿ ಅಪಸ್ಮಾರ ವಂಶದಲ್ಲೇ ಬರುವುದುಂಟು.

ಅಚಾತುರ್ಯದಿಂದ ಮದ್ದು ಹೋಗಿಯೇಬಿಟ್ಟಿದ್ದರೆ? ತೂರಾಟ, ಜೊಲ್ಲು, ನಡುಕ, ಕಣ್ಣು ಕಾಣದಿರುವುದು, ಕರೆದರೆ ಓಗೊಡದಿರುವುದು ಇದರ ಗುರುತುಗಳು. ಕೆಲವೇ ಗಂಟೆಗಳಲ್ಲಿ ಶುರುವಾಗಬಹುದು. ಕಾದು ನೋಡೋಣ ಎನ್ನದೆ ಆಸ್ಪತ್ರೆಗೆ ಒಯ್ಯಿರಿ, ಬಾಟಲಿಯನ್ನೂ ಜೊತೆಗೆ ಒಯ್ಯಿರಿ. ಇದಕ್ಕೆ ನೇರವಾದ ಪ್ರತಿಮದ್ದಿಲ್ಲ, ಶುಶ್ರೂಷೆಯೇ ಚಿಕಿತ್ಸೆ. ಮದ್ದು ತಾನಾಗಿ ಮೈಬಿಡುವ ತನಕ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಡ್ರಿಪ್ ಕೊಡುತ್ತಾ, ಉಸಿರು ನೋಡುತ್ತಾ, ಕೆಲವು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಾ, ಮುಚ್ಚದ ಕಣ್ಣಿಗೆ ಒಣಗದಂತೆ ಹನಿ ಹಾಕುತ್ತಾ ಕಾಯಬೇಕು. 2008ರಲ್ಲಿ ಹೀಗೆ ಬಂದ ಒಂದು ಗಂಡು ಕೋಲಿಯ ಪಕ್ಕ ಮನೆಯವರೂ ನಾವೂ ಸರದಿಯ ಮೇಲೆ ಒಂಬತ್ತು ರಾತ್ರಿ ಕೂತೆವು. ಹತ್ತನೆಯ ಬೆಳಿಗ್ಗೆ ಮನೆಯ ಹುಡುಗಿ ತಟ್ಟೆ ಇಟ್ಟ ಸದ್ದಿಗೆ ತಲೆ ಎತ್ತಿತು. ಕಣ್ಣೂ ಮರಳಿತು. ಕಾಯುವವರು ಇದ್ದರೆ ಬದುಕುತ್ತದೆ ಎಂದು ನಾನು ಧೈರ್ಯವಾಗಿ ಹೇಳುವುದು ಆ ನಾಯಿಯಿಂದಾಗಿ.

ಮದ್ದಿನ ವಿಷಯದಲ್ಲೇ ಬಹಳ ಹೊತ್ತು ನಿಂತೆ. ಉಳಿದ ಆರೈಕೆಗೆ ಬರುತ್ತೇನೆ.

ರಫ್ ಕೋಲಿಯ ತುಪ್ಪಳ ಎರಡು ಪದರ. ಮೇಲಿನದು ಒರಟು, ನೀರು ಜಾರಿಸುವಂಥದು. ಒಳಗಿನದು ಅರಳೆಯಂತೆ ಮೃದು, ದಟ್ಟ. ಬೇಸಿಗೆ ಬಂತೆಂದು ಕರುಣೆಯಿಂದ ನುಣ್ಣಗೆ ಬೋಳಿಸುವವರಿದ್ದಾರೆ. ಹಾಗೆ ಮಾಡಬೇಡಿ. ಆ ಕೂದಲು ಬಿಸಿಲಿನಿಂದಲೂ ಅದನ್ನು ಕಾಯುತ್ತದೆ, ಬೋಳಿಸಿದರೆ ಚರ್ಮ ಸುಡುತ್ತದೆ, ಕೂದಲು ಮತ್ತೆ ಮೊದಲಿನಂತೆ ಬರುವುದೂ ಖಚಿತವಿಲ್ಲ. ತೆಗೆಯಬೇಕಾದದ್ದು ಉದುರಿ ಒಳಗೇ ಸಿಕ್ಕಿಕೊಂಡ ಅರಳೆಯನ್ನು. ವಾರಕ್ಕೆ ಎರಡು ಮೂರು ಸಲ ಬುಡದವರೆಗೆ ಬಾಚಿದರೆ ಗಾಳಿ ಆಡುತ್ತದೆ. ಕಿವಿಯ ಹಿಂದೆ, ಕಂಕುಳಲ್ಲಿ, ತೊಡೆಸಂದಿಯಲ್ಲಿ ಜಡೆಗಟ್ಟುವುದು ಹೆಚ್ಚು. ಮಲೆನಾಡಿನ ಮಳೆಯಲ್ಲಿ ಮೇಲ್ಪದರ ಒಣಗಿದಂತೆ ಕಂಡರೂ ಒಳಗೆ ತೇವ ಉಳಿದು ಹುಣ್ಣಾಗುತ್ತದೆ, ನೊಣ ಮೊಟ್ಟೆಯಿಟ್ಟು ಹುಳ ಬೀಳುತ್ತದೆ. ಹೊರಗಿನಿಂದ ಬಂದ ನಾಯಿಯ ಕೂದಲನ್ನು ಬೆರಳಿಂದ ಬಿಡಿಸಿ ಚರ್ಮ ಮುಟ್ಟಿ ನೋಡಿ. ಮೂಗಿನ ಮೇಲ್ಭಾಗ ಬಣ್ಣಗೆಟ್ಟು ಸಿಪ್ಪೆ ಏಳುತ್ತಿದ್ದರೆ ನಡುಹಗಲಿನ ಬಿಸಿಲು ತಪ್ಪಿಸಿ ವೈದ್ಯರಿಗೆ ತೋರಿಸಿ. ಬಿಸಿಲಿಗೆ ಹೆಚ್ಚಾಗುವ ಈ ಹುಣ್ಣಿಗೆ ಕೋಲಿಯ ಹೆಸರೇ ಅಂಟಿಕೊಂಡಿದೆ.

ನಾಯಿಗೆ ನಮ್ಮಂತೆ ಮೈಬೆವರಿಲ್ಲ. ಏದುಸಿರಿನಿಂದಲೇ ಮೈ ತಂಪು ಮಾಡಿಕೊಳ್ಳಬೇಕು. ಆರೋಗ್ಯವಂತ ನಾಯಿಯ ಮೈಬಿಸಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 105 ದಾಟಿದರೆ ಜೀವಕ್ಕೆ ಅಪಾಯ. ಕಲಬುರಗಿ, ರಾಯಚೂರಿನ ಬೇಸಿಗೆ ಈ ನಾಯಿಗೆ ಹೇಳಿ ಮಾಡಿಸಿದ್ದಲ್ಲ. ಅಲ್ಲಿ ರಫ್ ಕೋಲಿ ಸಾಕಲೇಬೇಡಿ ಎಂಬುದು ನನ್ನ ಅಭಿಪ್ರಾಯ, ಬೇಸರಿಸಬೇಡಿ. ಬೆಂಗಳೂರಿನಲ್ಲೂ ಏಪ್ರಿಲ್ ಹೊತ್ತಿಗೆ ಸೂರ್ಯ ಏರುವ ಮುಂಚೆ, ಇಳಿದ ಮೇಲೆ ಮಾತ್ರ ತಿರುಗಾಡಿಸಿ. ಡಾಂಬರಿನ ಮೇಲೆ ನಿಮ್ಮ ಮುಂಗೈ ಇಡಲಾಗದಿದ್ದರೆ ಅದರ ಪಾದವನ್ನೂ ಇಡಿಸಬೇಡಿ. ನಾಲಗೆ ಕಡುಗೆಂಪಾಗಿ, ತೇಕುತ್ತಾ, ಕುಸಿದರೆ ಅಲ್ಲೇ ನೆರಳಲ್ಲಿ ನಲ್ಲಿ ನೀರಿನಿಂದ ಬುಡದವರೆಗೆ ತೋಯಿಸಿ, ಗಾಳಿ ಬೀಸಿ, ಆಮೇಲೆ ಗಾಡಿ ಹತ್ತಿಸಿ. ತಂಪು ಮೊದಲು, ಪಯಣ ಆಮೇಲೆ.

ಮರಿ ಕೊಳ್ಳುವವರಿಗೆ ಕಣ್ಣಿನ ಮಾತೊಂದು. ಕೋಲಿಗಳಲ್ಲಿ ಅಕ್ಷಿಪಟಲಕ್ಕೆ ರಕ್ತ ಒದಗಿಸುವ ಪದರ ಹುಟ್ಟಿನಿಂದಲೇ ಸರಿಯಾಗಿ ಬೆಳೆಯದ ಒಂದು ವಂಶಪಾರಂಪರ್ಯ ದೋಷ ಬಹಳ ವ್ಯಾಪಕ. ಹೆಚ್ಚಿನ ನಾಯಿಗಳು ಅದರೊಂದಿಗೇ ಚೆನ್ನಾಗಿ ಕಂಡು ಬದುಕುತ್ತವೆ, ಕೆಲವಕ್ಕೆ ಅಕ್ಷಿಪಟಲ ಕಳಚಿ ಕುರುಡಾಗುತ್ತದೆ. ಮರಿಗೆ ಆರರಿಂದ ಎಂಟು ವಾರವಾದಾಗ ಕಣ್ಣಿನೊಳಗೆ ಬೆಳಕು ಬಿಟ್ಟು ನೋಡಿದರೆ ಇದು ಕಾಣುತ್ತದೆ. ತಡಮಾಡಿದರೆ ಸೌಮ್ಯ ದೋಷ ಬಣ್ಣದ ಹಿಂದೆ ಮರೆಯಾಗುತ್ತದೆ, ಮುಂದೆ ಅದರ ಮರಿಗಳಲ್ಲಿ ಮತ್ತೆ ತಲೆಯೆತ್ತುತ್ತದೆ. ಇನ್ನು, ಬೂದುನೀಲಿಯ ಮೇಲೆ ಕಪ್ಪು ಚಿಂದಿ ಚೆಲ್ಲಿದಂಥ ಮರ್ಲ್ ಬಣ್ಣಕ್ಕೆ ಈಗ ಬೇಡಿಕೆ ಜಾಸ್ತಿ. ಮರ್ಲ್‌ಗೆ ಮರ್ಲ್ ಕೂಡಿಸಿದರೆ ನಾಲ್ಕರಲ್ಲಿ ಒಂದು ಮರಿಗೆ ಎರಡೂ ಕಡೆಯಿಂದ ಆ ಜೀನು ಬರುತ್ತದೆ. ಅಂಥ ಮರಿ ಬಹುಪಾಲು ಬಿಳಿಯಾಗಿ ಹುಟ್ಟಿ, ಕಿವುಡಾಗಿಯೋ ಕುರುಡಾಗಿಯೋ, ಎರಡೂ ಆಗಿಯೋ ಬಾಳಬೇಕಾಗಬಹುದು. ಬಣ್ಣದ ಆಸೆಗೆ ಹೀಗೆ ಮಾಡುವವರನ್ನು ನಾನು ಕ್ಷಮಿಸಲಾರೆ. ಮನುಷ್ಯನ ಸನ್ನೆ ನೋಡುವುದಕ್ಕೆಂದೇ ಇರುವ ಕಣ್ಣು, ಶಿಳ್ಳೆ ಕೇಳುವುದಕ್ಕೆಂದೇ ಇರುವ ಕಿವಿ ಅದು.

ಲಸಿಕೆಯ ವಿಷಯ ಎಲ್ಲ ನಾಯಿಗಳಿಗೂ ಒಂದೇ: ಆರೆಂಟು ವಾರಕ್ಕೆ ಶುರುಮಾಡಿ ಪಾರ್ವೋ, ಡಿಸ್ಟೆಂಪರ್, ಮೂರು ತಿಂಗಳಿಗೆ ರೇಬೀಸ್, ಮುಂದೆ ವೈದ್ಯರು ಬರೆದುಕೊಟ್ಟ ದಿನಕ್ಕೆ ತಪ್ಪದೆ. ಉಣುಗಿನ ಜ್ವರ ನಮ್ಮಲ್ಲಿ ವರ್ಷವಿಡೀ ಇದೆ. ಊಟ ಬಿಟ್ಟು ಮಂಕಾದರೆ, ಒಸಡು ಬಿಳಿಚಿದರೆ, ಮೂಗಿನಲ್ಲಿ ರಕ್ತ ಬಂದರೆ, ಮೂತ್ರ ಚಹಾದ ಬಣ್ಣಕ್ಕೆ ತಿರುಗಿದರೆ ಅದೇ ದಿನ ರಕ್ತಪರೀಕ್ಷೆ ಆಗಬೇಕು. ಉದ್ದ ಕೂದಲಲ್ಲಿ ಉಣುಗು ಕಣ್ಣಿಗೆ ಬೀಳುವುದಿಲ್ಲ, ಬೆರಳಿಗೆ ಸಿಗುತ್ತದೆ. ದಿನಾ ಸಂಜೆ ಕಿವಿಯೊಳಗೆ, ಬೆರಳ ಸಂದಿಗಳಲ್ಲಿ ತಡವಿ ನೋಡುವುದನ್ನು ಮಕ್ಕಳಿಗೆ ಕಲಿಸಬಹುದು, ನಾಯಿಗೂ ಅದು ಹಿತ.

ಊಟದ ಬಗ್ಗೆ ಇಷ್ಟೇ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು, ಪಾಯಸದ ದ್ರಾಕ್ಷಿ, ಚಾಕೊಲೇಟ್ ಬೇಡ. ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಏಟು ಕೊಡುತ್ತದೆಂದು ಹಬ್ಬದ ಮನೆಗಳಲ್ಲಿ ಯಾರಿಗೂ ನೆನಪಿರುವುದಿಲ್ಲ. ತುಪ್ಪಳದಡಿ ಬೊಜ್ಜು ಕಾಣದು, ಕೈಯಿಟ್ಟಾಗ ಪಕ್ಕೆಲುಬು ಎಣಿಸಲು ಸಿಗಬೇಕು.

ಮೈಯ ಆರೋಗ್ಯದಷ್ಟೇ ಮುಖ್ಯವಾದದ್ದು ಕೋಲಿಯ ಮನಸ್ಸು. ಬಾರ್ಡರ್ ಕೋಲಿಯನ್ನು ಮೂರನೇ ಮಹಡಿಯ ಫ್ಲ್ಯಾಟಿನಲ್ಲಿಟ್ಟು ಬೆಳಿಗ್ಗೆ ಹೊರಟು ಸಂಜೆ ಬರುವವರು ನನ್ನ ಬಳಿ ದೂರು ತರುತ್ತಾರೆ: ಸೋಫಾ ಹರಿಯಿತು, ತನ್ನ ಬಾಲದ ಹಿಂದೆ ತಾನೇ ಸುತ್ತುತ್ತದೆ, ಗೋಡೆಯ ಮೇಲಿನ ನೆರಳನ್ನು ದಿನವಿಡೀ ದಿಟ್ಟಿಸುತ್ತದೆ, ಸ್ಕೂಟರಿನ ಹಿಂದೆ ಓಡುತ್ತದೆ, ಆಡುವ ಮಕ್ಕಳ ಹಿಮ್ಮಡಿ ಕಚ್ಚಿ ಮೂಲೆಗೆ ಕೂಡಿಸುತ್ತದೆ. ಅದಕ್ಕೆ ರೋಗವಿಲ್ಲ. ಅದು ಕುರಿ ಹುಡುಕುತ್ತಿದೆ. ಗುಡ್ಡದಲ್ಲಿ ದಿನವೆಲ್ಲ ಓಡಿ ಯೋಚಿಸಲು ಹುಟ್ಟಿದ ಜೀವಕ್ಕೆ ಹದಿನೈದು ನಿಮಿಷದ ಸುತ್ತಾಟ ಸಾಲದು. ಓಟದ ಜೊತೆಗೆ ಬುದ್ಧಿಗೂ ಕೆಲಸ ಕೊಡಿ. ಅಮೆರಿಕದ ಸೌತ್ ಕೆರೊಲಿನಾದಲ್ಲಿ ಜಾನ್ ಪಿಲ್ಲಿ ಎಂಬ ನಿವೃತ್ತ ಮನಶ್ಶಾಸ್ತ್ರ ಪ್ರಾಧ್ಯಾಪಕರು ಚೇಸರ್ ಎಂಬ ಬಾರ್ಡರ್ ಕೋಲಿಗೆ ಮೂರು ವರ್ಷ ಕೂತು 1,022 ಆಟಿಕೆಗಳ ಹೆಸರು ಕಲಿಸಿದರು. ನೀವು ಇಪ್ಪತ್ತು ಕಲಿಸಿ. ಚಪ್ಪಲಿ, ಚೆಂಡು, ಬುಟ್ಟಿ, ಪತ್ರಿಕೆ ಎಂದು ಒಂದೊಂದನ್ನು ಬಚ್ಚಿಟ್ಟು ತರಹೇಳಿ. ಕನ್ನಡದಲ್ಲೇ ಹೇಳಿ, ಅದಕ್ಕೆ ಭಾಷೆಯ ಭೇದವಿಲ್ಲ. ರಫ್ ಕೋಲಿ ಇದಕ್ಕಿಂತ ಸೌಮ್ಯ. ಅದಕ್ಕೆ ಓಟಕ್ಕಿಂತ ಸಹವಾಸ ಹೆಚ್ಚು ಬೇಕು. ಗದರಿಸಿದರೆ ಮುದುಡಿ ಹೋಗುತ್ತದೆ, ಗೂಟಕ್ಕೆ ಕಟ್ಟಿಹಾಕಿದರೆ ಕೊರಗುತ್ತದೆ. ಹನ್ನೆರಡು ಹದಿಮೂರು ವರ್ಷ ಬದುಕುವ ನಾಯಿ. ಅಷ್ಟು ವರ್ಷ ಮನೆಯಲ್ಲಿ ಯಾರಾದರೂ ಒಬ್ಬರು ಇರುತ್ತೀರಾ ಎಂದು ಲೆಕ್ಕ ಹಾಕಿಯೇ ಮರಿ ತನ್ನಿ.

ರಾಣಿಯ ಯಜಮಾನರ ಮನೆಗೆ ಎಂಡಿಆರ್ ಸುದ್ದಿ ಓದಿದ ಮೇಲೆ ಒಂದು ದಿನ ಹೋಗಿದ್ದೆ. ಹಾವೂ ಅಲ್ಲ, ತೋಟದ ಔಷಧವೂ ಅಲ್ಲ, ನಾನು ಕೊಟ್ಟ ಮದ್ದು ಎಂದು ಹೇಳಿದೆ. ಅವರು ಬಹಳ ಹೊತ್ತು ಕಣದ ಕಡೆ ನೋಡುತ್ತಾ ಕೂತಿದ್ದು, ನಾಲ್ಕಕ್ಷರ ಎಂದರೇನೆಂದು ಮತ್ತೊಮ್ಮೆ ಬಿಡಿಸಿ ಹೇಳಿ ಎಂದರು. ಹೇಳಿದೆ. ಕಾಫಿ ತರಿಸಿದರು. ಅದಾಗಿ ಮೂರು ವರ್ಷಕ್ಕೆ ಅದೇ ಜೀಪು ಚಿಕಿತ್ಸಾಲಯದ ಮುಂದೆ ನಿಂತಿತು. ಮೊಮ್ಮಗಳ ತೋಳಲ್ಲಿ ಎರಡು ತಿಂಗಳ ಕೋಲಿ ಮರಿ, ಮೊದಲ ಲಸಿಕೆಗೆ ಬಂದಿತ್ತು. ನಾನು ಚೀಟಿಯಲ್ಲಿ ಹೆಸರು ಬರೆಯಲು ಪೆನ್ನು ತೆಗೆದೆ. ಆ ಹುಡುಗಿ ಮರಿಯ ಮುಂಗಾಲೊಂದನ್ನು ಮೆಲ್ಲಗೆ ಎತ್ತಿ ನನ್ನ ಕಣ್ಣ ಮುಂದೆ ಹಿಡಿದು, "ಡಾಕ್ಟ್ರೇ, ಮೊದ್ಲು ಇದು ನೋಡಿ, ಬಿಳಿ" ಎಂದಳು.